ಟಿವಿಯೊಳಗಿನ ಗಂಗಾ

ಸಂಜೆ ಏಳೂವರೆಗೆ ಧಾರಾವಾಹಿಯ ಹಾಡು ಶುರುವಾಯಿತೆಂದರೆ ದಾನೇಶ್ವರಿಗೆ ಪಡಸಾಲೆಯಲ್ಲಿ ಕೂಡಲಾಗುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುವಳು. ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚುವಳು. ಹಾಡು ಮುಗಿದು ಮಾತು ಶುರುವಾದರೆ ಹಿತ್ತಲಲ್ಲೂ ನಿಲ್ಲಲಾಗದೆ ಬಾಗಿಲ ಚೌಕಟ್ಟಿಗೆ ಆತುಕೊಂಡು, ಒಳಗೊಂದು ಕಾಲು ಹೊರಗೊಂದು ಕಾಲು ಇಟ್ಟು ನೋಡುವಳು.

"ಕುಂಡ್ರ ಬಾ ಯವ್ವಾ, ನಿಂದ ಕಥಿ ಐತಿ," ಎಂದು ಅತ್ತೆ ಗುರವ್ವ ಕರೆದರೆ, "ಒಲಿ ಮ್ಯಾಲ ಹಾಲ ಇಟ್ಟೇನ್ರಿ," ಎಂದು ಒಳಗೆ ಹೋಗಿಬಿಡುವಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ.

ಧಾರಾವಾಹಿಯ ಹೆಸರು 'ಮನಸೇ ಮಾನಸಾ'. 'ಮಾಳಿಗೆಯ ಕೋಣೆ' ಎಂಬ ಕಾದಂಬರಿಯಿಂದ ಅದನ್ನು ಮಾಡಿದ್ದರು. ಕಾದಂಬರಿ ಬರೆದವಳು ಹುಬ್ಬಳ್ಳಿಯ ಅರುಣಾ. ಇಪ್ಪತ್ತು ವರ್ಷದ ಹಿಂದೆ ದಾನೇಶ್ವರಿ ಧಾರವಾಡದಲ್ಲಿ ಎಂ.ಎ. ಓದುವಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ವಿಶ್ವವಿದ್ಯಾಲಯಕ್ಕೆ ಬರುವ ಹೊರ ಊರಿನ ಹುಡುಗಿಯರಿಗೆಂದು ಯಾವುದೋ ಟ್ರಸ್ಟಿನವರು ನಡೆಸುತ್ತಿದ್ದ ಹಾಸ್ಟೆಲು ಅದು. ಎರಡನೇ ವರ್ಷದ ನಡುವೆಯೇ ದಾನೇಶ್ವರಿ ಓದು ಬಿಟ್ಟು ಅಣ್ಣಿಗೇರಿಯ ತವರಿಗೆ ಮರಳಿದಳು. ಮರುವರ್ಷ ಕುಬಿಹಾಳದ ಗೌರೀಶನ ಜೊತೆ ಮದುವೆಯಾಯಿತು. "ಹುಡುಗಿಗೆ ಆರಾಮ ಇರಲಿಲ್ಲ, ಅದಕ್ಕ ಸಾಲಿ ಬಿಡಿಸಿದ್ವಿ," ಎಂದು ಅವಳ ತಂದೆ ಕುಬೇರಪ್ಪ ಬೀಗರಿಗೆ ಹೇಳಿದ್ದ. ಬೀಗರು ಹುಡುಗಿಯ ಮುಖ ನೋಡಿ, ಈಗ ಆರಾಮಿದ್ದಾಳಲ್ಲ ಎಂದು ಸುಮ್ಮನಾದರು. ಆಮೇಲೆ ಯಾರೂ ಕೇಳಲಿಲ್ಲ. ದಾನೇಶ್ವರಿಯೂ ಹೇಳಲಿಲ್ಲ. ಮಗಳು ಹುಟ್ಟಿದಳು, ಹೊಲಮನೆ ಆಯಿತು, ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಧಾರವಾಡ ಹಿಂದೆ ಬಿತ್ತು.

ಧಾರಾವಾಹಿ ಶುರುವಾಗುವ ಮುಂಚೆ ಅರುಣಾ ಯೂಟ್ಯೂಬಿನ ಒಂದು ಚಾನೆಲ್ಲಿನಲ್ಲಿ ಮಾತಾಡಿದ್ದಳು. "ಗಂಗಾ ಸುಮ್ಮನೆ ಹುಟ್ಟಿದ ಪಾತ್ರ ಅಲ್ಲ. ನನ್ನ ರೂಮ್‌ಮೇಟ್ ಒಬ್ಬಾಕಿ ಇದ್ದಳು, ದಾನೇಶ್ವರಿ ಅಂತ. ಈಗ ಕುಂದಗೋಳ ತಾಲೂಕಿನ ಕುಬಿಹಾಳದಾಗ ಇದ್ದಾಳಂತ ಕೇಳೀನಿ. ಆಕಿ ಇರದಿದ್ರ ಗಂಗಾ ಇಲ್ಲ," ಎಂದಿದ್ದಳು. ಆ ವಿಡಿಯೋ ಒಂದೇ ದಿನದಲ್ಲಿ ಊರಿನ ಎಲ್ಲರ ಮೊಬೈಲಿಗೂ ಬಂತು. ಮೊದಲ ವಾರ ಗುರವ್ವನ ಸಂಭ್ರಮ ಹೇಳತೀರದು. ಓಣಿಯ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯ ಟಿವಿ ಬಿಟ್ಟು ಇಲ್ಲಿಗೇ ಬಂದು ಕೂತರು. ಎದುರು ಮನೆಯ ಕೆಂಚವ್ವನಂತೂ ಏಳು ಗಂಟೆಗೇ ಬಂದು ಗೋಡೆಗೆ ಬೆನ್ನು ಹಚ್ಚಿದರೆ ಮುಗಿಯುವವರೆಗೂ ಏಳುತ್ತಿರಲಿಲ್ಲ.

ಆದರೆ ಟಿವಿಯೊಳಗಿನ ಗಂಗಾ ಬರೀ ಅಳುತ್ತಿದ್ದಳು.

ಎರಡು ಜಡೆ, ಲಂಗ ದಾವಣಿ. ಧಾರವಾಡದ ಹುಡುಗಿಯರು ಯಾವ ಕಾಲಕ್ಕೂ ಹಾಗೆ ಉಟ್ಟು ಎಂ.ಎ. ಕ್ಲಾಸಿಗೆ ಹೋದವರಲ್ಲ. ಮಾತೋ, "ಹೌದ್ರೀ ಯವ್ವಾ, ಬ್ಯಾಡ್ರೀ ಯವ್ವಾ" ಎಂದು ಎಲ್ಲದಕ್ಕೂ ಎಳೆಯುತ್ತಿದ್ದಳು. "ಇದ್ಯಾವ ಊರ ಮಾತಬೇ?" ಎಂದು ಗುರವ್ವ ನಕ್ಕಳು. ಇಂಗ್ಲಿಷ್ ಬರಲಿಲ್ಲವೆಂದು ಗಂಗಾ ಅತ್ತಳು, ಊಟದಲ್ಲಿ ಉಪ್ಪಿಲ್ಲವೆಂದು ಅತ್ತಳು, ಊರಿನಿಂದ ಯಾರೂ ನೋಡಲು ಬರಲಿಲ್ಲವೆಂದು ಅತ್ತಳು. ನಾಯಕಿ ಮಾನಸಾ ಬೆಂಗಳೂರಿನಿಂದ ಕಾರಿನಲ್ಲಿ ಬಂದವಳು. ಪ್ರತಿ ಸಲ ಗಂಗಾಳ ಕಣ್ಣೊರೆಸುವುದು ಅವಳ ಕೆಲಸ. ನಡುವೆ ಒಬ್ಬ ಚೆಲುವ ಮಾಸ್ತರನೂ ಬಂದ. ಗಂಗಾ ಅವನನ್ನು ಕಂಬದ ಮರೆಯಿಂದ ನೋಡತೊಡಗಿದಳು.

ಅಲ್ಲಿಂದ ಊರಿನ ನೋಟ ಬದಲಾಯಿತು. ಹಿಟ್ಟಿನ ಗಿರಣಿಯಲ್ಲಿ ಒಬ್ಬಾಕೆ ಮೆಲ್ಲಗೆ, "ಆ ಮಾಸ್ತರ ಈಗ ಎಲ್ಲಿ ಅದಾರವ್ವಾ?" ಎಂದು ಕೇಳಿದಳು. ಚಹದಂಗಡಿಯಲ್ಲಿ ಯಾರೋ ಏನೋ ಅಂದಿದ್ದನ್ನು ಕೇಳಿ ಗೌರೀಶ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ.

"ಖರೇನ ಅಂಥಾ ಮಾಸ್ತರ ಇದ್ನೇನ?" ಎಂದ.

"ನಮಗ ಪಾಠಾ ಮಾಡಿದವರು ರಿಟೈರ್ ಆಗಾಕ ಬಂದಿದ್ರು. ಎರಡು ಮಾತಿಗೊಮ್ಮಿ ನಶ್ಯಾ ಏರಸ್ತಿದ್ರು," ಎಂದಳು ದಾನೇಶ್ವರಿ.

ಗೌರೀಶ ನಕ್ಕ. ಆದರೆ ಊಟಕ್ಕೆ ಕೂತಾಗ ರೊಟ್ಟಿಯನ್ನು ಮುರಿಮುರಿದು ತಟ್ಟೆಯಲ್ಲೇ ಇಡುತ್ತಿದ್ದ.

ಮಾಸ್ತರನ ಮಾತಿಗಿಂತ ದಾನೇಶ್ವರಿಯನ್ನು ಸುಡುತ್ತಿದ್ದುದು ಆ ಅಳು. ದಾರಿಯಲ್ಲಿ ಸಿಕ್ಕವರು "ಪಾಪ" ಎಂಬ ಕಣ್ಣಿನಿಂದ ನೋಡುತ್ತಿದ್ದರು. ಗ್ರಂಥಾಲಯಕ್ಕೆ ಬರುವ ಹುಡುಗರು ಸಹ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಲ್ಲಿನ ಕಪಾಟಿನಲ್ಲಿ 'ಮಾಳಿಗೆಯ ಕೋಣೆ' ಇತ್ತು. ಹುಬ್ಬಳ್ಳಿಯಿಂದ ತಾನೇ ತಂದಿದ್ದಳು. ತೆರೆದ ಮೊದಲ ಪುಟದಲ್ಲೇ ತನ್ನ ಟ್ರಂಕು, ತನ್ನ ಅಪ್ಪ ಅದನ್ನು ತಲೆಯ ಮೇಲೆ ಹೊತ್ತು ಮಾಳಿಗೆ ಏರಿದ ಬಗೆ ಎಲ್ಲ ಕಂಡು ಗಪ್ಪನೆ ಮುಚ್ಚಿಟ್ಟಿದ್ದಳು. ಆಮೇಲೆ ಎಷ್ಟೋ ಸಲ ಕೈಗೆತ್ತಿಕೊಂಡರೂ ಮುಂದೆ ಹೋಗಲಾಗಿರಲಿಲ್ಲ.

ಹೆಸರುಕಾಳಿನ ಹೊಲಕ್ಕೆ ಎಡೆ ಹೊಡೆದು ಕಳೆ ತೆಗೆಯುವ ದಿನಗಳಲ್ಲಿ ಬೀಗದ ಸಂಚಿಕೆ ಬಂತು. ಹಾಸ್ಟೆಲಿನ ಒಬ್ಬ ಹುಡುಗಿ ಹೊಟ್ಟೆನೋವಿನಿಂದ ನೆಲದ ಮೇಲೆ ಹೊರಳಾಡುತ್ತಾಳೆ. ವಾರ್ಡನ್ ಗೇಟಿಗೆ ಬೀಗ ಜಡಿದು ಎಲ್ಲಿಗೋ ಹೋಗಿದ್ದಾಳೆ. ಮಾನಸಾ ಹಾಕಿ ಸ್ಟಿಕ್ ಹಿಡಿದು ಮೆಟ್ಟಿಲಿಳಿಯುತ್ತಾಳೆ. ಎಲ್ಲಿಂದಲೋ ಗಾಳಿ ಬಂದು ಅವಳ ಕೂದಲು ಹಾರುತ್ತದೆ. ಗಂಗಾ ಅವಳ ಕಾಲು ಹಿಡಿದು, "ಬ್ಯಾಡ್ರೀ ಯವ್ವಾ, ವಾರ್ಡನ್ನವ್ರು ಬೈತಾರ್ರೀ," ಎಂದು ಅಳುತ್ತಾಳೆ. ಮಾನಸಾ ಕಾಲು ಬಿಡಿಸಿಕೊಂಡು ಒಂದೇ ಏಟಿಗೆ ಬೀಗ ಒಡೆಯುತ್ತಾಳೆ. ಆ ಒಂದು ಏಟನ್ನು ಮೂರು ಕಡೆಯಿಂದ ತೋರಿಸಿದರು.

ಬಾಗಿಲಲ್ಲಿ ನಿಂತಿದ್ದ ದಾನೇಶ್ವರಿಯ ಬಾಯಿಂದ, "ಒಂದ ಏಟಿಗೆ ಒಡೀಲಿಲ್ಲ ಅದು," ಎಂಬ ಮಾತು ಹೊರಬಿತ್ತು.

"ಏನಂದಿ?" ಎಂದಳು ಗುರವ್ವ.

"ಏನಿಲ್ರಿ."

ಮರುದಿನ ಗ್ರಂಥಾಲಯದ ಬಾಗಿಲು ತೆಗೆದವಳೇ ಕಪಾಟಿನಿಂದ ಪುಸ್ತಕ ತೆಗೆದು ನಿಂತಲ್ಲೇ ಓದತೊಡಗಿದಳು. ಕೂತಳು, ಎದ್ದಳು, ಕಿಟಕಿಗೆ ಹೋಗಿ ನಿಂತು ಓದಿದಳು. ಪೇಪರ್ ಓದಲು ಬಂದ ಮಾಳಿಂಗರಾಯ ಕಾಕಾ, "ಏನವ್ವಾ, ಪರೀಕ್ಷಾ ಬಂತೇನ?" ಎಂದು ಕೇಳಿದ್ದೂ ಅವಳಿಗೆ ಕೇಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪುಸ್ತಕ ಮುಗಿದಿತ್ತು.

ಕಾದಂಬರಿಯಲ್ಲಿ ಬೀಗ ಒಡೆಯುವವಳು ಗಂಗಾ. ಬೆಂಗಳೂರಿನ ಮಾನಸಾ ಎಂಬುವವಳು ಇಡೀ ಪುಸ್ತಕದಲ್ಲೇ ಇರಲಿಲ್ಲ. ಗಂಗಾ ಜಗಳಗಂಟಿ, ನಗುವವಳು, ಹಟಮಾರಿ. ಅತ್ತದ್ದು ಎಲ್ಲೂ ಇಲ್ಲ. ಎಲ್ಲ ನಡೆದದ್ದು ನಡೆದಂತೆಯೇ ಇತ್ತು.

ಪ್ರಕಾಶಕರಿಗೆ ಫೋನು ಹಚ್ಚಿ ಅರುಣಾಳ ನಂಬರು ತೆಗೆದುಕೊಂಡಳು. ಅರುಣಾ ಎತ್ತಿದಳು.

"ದಾನೇಶ್ವರಿ ಮಾತಾಡೂದು."

"ಏ ದಾನೀ! ಎಷ್ಟ ವರ್ಷ ಆತ..."

"ಬೀಗ ಯಾಕ ಆಕೀ ಕೈಯಾಗ ಕೊಟ್ಟಿ?"

"ನಾ ಕೊಟ್ಟಿಲ್ಲ ತಾಯಿ! ನಾ ಬರದದ್ದು ನೀ ಓದೀಯಿಲ್ಲೊ?"

"ಇವತ್ತ ಓದೇನಿ."

"ಮತ್ತ? ಒಮ್ಮೆ ಹಕ್ಕು ಕೊಟ್ಟ ಮ್ಯಾಲೆ ಅವರು ನನ್ನ ಮಾತ ಎಲ್ಲೆ ಕೇಳ್ತಾರ. ಹಳ್ಳಿ ಹುಡುಗಿ ಬೀಗ ಒಡದ್ರ ಜನಾ ಯಾಕ ನೋಡ್ತಾರ, ಒಬ್ಬ ನಾಯಕಿ ಬೇಕು ಅಂದ್ರು. ನಿನ್ನ ಧೈರ್ಯಾ ಎಲ್ಲಾ ತಗದು ಮಾನಸಾಗ ಕೊಟ್ರು. ಗಂಗಾಗ ಅಳೂದಷ್ಟ ಉಳೀತು."

"ನಾ ಯಾವಾಗ ಅತ್ತಿದ್ದೆ?"

"ಹಾಸ್ಟೆಲ್ ಬಿಟ್ಟು ಹೋಗೂ ದಿನಾ..."

"ಅವತ್ತ ಅತ್ತಾಕಿ ನೀ. ನಾ ಟ್ರಂಕಿಗೆ ಹಗ್ಗಾ ಬಿಗ್ಯಾಕತ್ತಿದ್ದೆ."

ಅರುಣಾ ನಕ್ಕಳು. ನಗು ಪೂರ್ತಿ ಬರಲಿಲ್ಲ. ಆಮೇಲೆ ದನಿ ತಗ್ಗಿಸಿ, "ದಾನೀ, ಮುಂದಿನ ವಾರದ್ದು ನೋಡಬ್ಯಾಡ," ಎಂದಳು.

"ಯಾಕ?"

"ಗಂಗಾ ಕೆರೀಗೆ ಹಾರತಾಳ. ಆ ನಟಿಗೆ ಬ್ಯಾರೆ ಸೀರಿಯಲ್ ಸಿಕ್ಕದ. ಆಕೀನ್ನ ಕಥಿಯಿಂದ ತಗೀಬೇಕಲ್ಲ, ಅವರಿಗೆ ಇದ ಹಗುರ ದಾರಿ ಅನಿಸೇದ. ನಾ ಬ್ಯಾಡ ಅಂತ ಜಗಳಾ ಮಾಡಿದೆ. ನಡೀಲಿಲ್ಲ."

ದಾನೇಶ್ವರಿ ಫೋನಿಟ್ಟಳು. ಗ್ರಂಥಾಲಯಕ್ಕೆ ಬಾಗಿಲು ಹಾಕಿ ಮನೆಯ ಕಡೆ ಹೊರಟವಳು, ಮನೆಯ ಮುಂದಿನಿಂದಲೇ ಹಾದು ಊರ ಹೊರಗಿನವರೆಗೂ ನಡೆದುಹೋಗಿ, ಯಾಕೆ ಬಂದೆನೆಂದು ತಿಳಿಯದೆ ಹಿಂದಿರುಗಿದಳು.

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ಮಗಳು ನೀಲಾಂಬಿಕಾ ಪಿಯುಸಿ ಮುಗಿಸಿದ್ದಳು. ಧಾರವಾಡದ ಕಾಲೇಜಿನಲ್ಲಿ ಬಿಎಸ್ಸಿಗೆ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತ್ತು. ಆ ಮುಂದಿನ ವಾರ ಕಳೆದ ಸೋಮವಾರ ಹೋಗಿ ಸೇರಬೇಕಿತ್ತು. ಪ್ರೋಮೋದಲ್ಲಿ ಗಂಗಾ ಕೆರೆಯ ದಂಡೆಗೆ ನಡೆದುಹೋಗುವುದನ್ನು ತೋರಿಸಿದ ಸಂಜೆಯೇ ಗುರವ್ವ ತೀರ್ಮಾನ ಹೇಳಿಬಿಟ್ಟಳು.

"ಹಾಸ್ಟೆಲ್ಲ ಬ್ಯಾಡ, ಏನ ಬ್ಯಾಡ. ಕುಂದಗೋಳದಾಗ ಕಾಲೇಜ ಐತಿ. ಬಸ್ಸಿಗೆ ಹೋಗಿ ಬಸ್ಸಿಗೆ ಬರಲಿ."

"ಆಯೀ, ಅದು ಸೀರಿಯಲ್ ಐತಿ!" ಎಂದಳು ನೀಲಾ.

"ನಿಮ್ಮವ್ವಂದ ಕಥಿ ಹೌದಿಲ್ಲೊ? ಆಕೀ ಗೆಳತೀನ ಮೊಬೈಲದಾಗ ಹೇಳ್ಯಾಳ. ನಿಮ್ಮವ್ವ ಹೆಂಗೋ ಉಳಕೊಂಡು ಬಂದ್ಲು. ನಾವೇನ ಆರಾಮಿಲ್ಲ ಅಂತ ತಿಳಕೊಂಡಿದ್ವಿ. ಎಂಥಾ ಆರಾಮಿಲ್ಲ ಅನ್ನೂದು ಈಗ ತಿಳೀತು."

ನೀಲಾ ತಾಯಿಯ ಕಡೆ ತಿರುಗಿದಳು. "ಅವ್ವಾ, ನೀನರ ಒಂದ ಮಾತ ಹೇಳಲ್ಲಾ!"

ದಾನೇಶ್ವರಿ ಬಾಯಿ ತೆರೆದಳು. ಏನು ಹೇಳುವುದು? ತಾನು ಗಂಗಾ ಅಲ್ಲ, ಬೀಗ ಒಡೆದವಳು ತಾನು ಎಂದರೆ ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಬೇಕಾಗುತ್ತದೆ. ಅದಕ್ಕಾಗಿಯೇ ತನ್ನನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು ಎಂದು. ಅಳುವವಳ ಮಗಳನ್ನು ಕಳಿಸಲು ಒಲ್ಲೆನೆನ್ನುವ ಅತ್ತೆ, ಹೊರಗೆ ಹಾಕಿಸಿಕೊಂಡವಳ ಮಗಳನ್ನು ಕಳಿಸುತ್ತಾಳೆಯೇ? "ಸೋಮವಾರಕ್ಕ ಇನ್ನೂ ಹೊತ್ತೈತಿ," ಎಂದು ಎದ್ದು ಒಳಗೆ ಹೋದಳು. ನೀಲಾ ಆ ರಾತ್ರಿ ಊಟ ಮಾಡಲಿಲ್ಲ.

ಮರುದಿನ ಹೊಲಕ್ಕೆ ಬುತ್ತಿ ಒಯ್ದಾಗ ಗೌರೀಶ ಎಡೆಕುಂಟೆ ನಿಲ್ಲಿಸಿ ಬದುವಿನ ಮೇಲೆ ಬಂದು ಕೂತ. ಒಂದು ರೊಟ್ಟಿ ಮುಗಿಸಿದ.

"ನೀ ಖರೇನ ಆರಾಮಿಲ್ಲದ ಬಿಟ್ಟು ಬಂದಿದ್ದೇನ?" ಎಂದ ಆಮೇಲೆ, ಎತ್ತುಗಳ ಕಡೆ ನೋಡುತ್ತ.

"ಅಲ್ರಿ."

"ಮತ್ತ?"

ಬಾಜೂ ಹೊಲದವರು ನೀರು ಕೇಳಿಕೊಂಡು ಬಂದರು. ಮಾತು ಅಲ್ಲಿಗೇ ನಿಂತಿತು. ದಾನೇಶ್ವರಿ ಬುತ್ತಿ ಅರಿವೆ ಕೊಡವಿ ಎದ್ದಳು. ದಾರಿಯುದ್ದಕ್ಕೂ, ಈಗ ಹೇಳಿಬಿಡಬೇಕಿತ್ತು, ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಎರಡನ್ನೂ ಅಂದುಕೊಳ್ಳುತ್ತ ನಡೆದಳು.

ಶುಕ್ರವಾರ ಆ ಸಂಚಿಕೆ ಬಂತು. ಪಡಸಾಲೆ ತುಂಬಿತ್ತು. ಅಂದು ದಾನೇಶ್ವರಿ ಹಿತ್ತಲಿಗೆ ಹೋಗಲಿಲ್ಲ, ಎಲ್ಲರ ನಡುವೆ ಬಂದು ಕೂತಳು. ಗೌರೀಶ ಎಂದೂ ನೋಡದವನು ಹೊರಗಿನ ಕಟ್ಟೆಯಿಂದ ಎದ್ದು ಬಂದು ಬಾಗಿಲ ಹತ್ತಿರ ನಿಂತ. ನೀಲಾ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

ಮಾಸ್ತರ ಬೇರೆಯವಳನ್ನು ಮದುವೆಯಾದ. ಗಂಗಾ ಎರಡು ಜಡೆ ಬಿಚ್ಚಿಕೊಂಡು ಕೆರೆಗೆ ಇಳಿದಳು. ಮಾನಸಾ ದಂಡೆಯ ಮೇಲೆ ನಿಂತು ಅವಳ ಹೆಸರು ಹಿಡಿದು ಕೂಗಿದಳು. ಪಡಸಾಲೆಯಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಕೆಂಚವ್ವ ದಾನೇಶ್ವರಿಯ ಕೈ ಹಿಡಿದುಕೊಂಡು, "ಪಾಪ, ಪುಣ್ಯೇದಾಕಿ ನೀ. ಯಾರೋ ಎಳದು ದಂಡೀಗೆ ಹಾಕ್ಯಾರ ನಿನ್ನ," ಎಂದು ಬಿಕ್ಕಿದಳು.

ದಾನೇಶ್ವರಿ ಕೈ ಬಿಡಿಸಿಕೊಂಡು ಎದ್ದಳು. ಟಿವಿ ಆರಿಸಿದಳು.

"ಏ, ಏ! ಇನ್ನೂ ಮುಗಿದಿಲ್ಲ!" ಎಂದರು ನಾಲ್ಕಾರು ಜನ.

"ಆಕಿ ನಾ ಅಲ್ಲ," ಎಂದಳು ದಾನೇಶ್ವರಿ. "ನಾ ಯಾವ ಕೆರೀಗೂ ಹೋಗಿಲ್ಲ. ಯಾವ ಮಾಸ್ತರನೂ ಇದ್ದಿಲ್ಲ. ಮೊನ್ನೆ ಬೀಗ ಒಡದ್ರಲ್ಲ, ಅದನ್ನ ಒಡದಾಕಿ ನಾ."

ಅವಳು ಮುಂದುವರಿಸಿದಳು. ನಿಂತೇ ಹೇಳಿದಳು. ನಡುನಡುವೆ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ಹಾಕುತ್ತ ಹೇಳಿದಳು. ನವಲಗುಂದದ ತಬಸುಮ್ ಎಂಬ ಹುಡುಗಿ ಬಾಜೂ ಕೋಣೆಯಲ್ಲಿದ್ದಳು. ಒಂದು ಸಂಜೆ ಹೊಟ್ಟೆ ಹಿಡಿದುಕೊಂಡು ಬಿದ್ದಳು. ದೀಪ ಹಚ್ಚುವ ಹೊತ್ತು. ವಾರ್ಡನ್ ಬಾಯಿ ಬೀಗ ಹಾಕಿಕೊಂಡು, ಕೀಲಿಕೈಯನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ತಂಗಿಯ ಮನೆಗೆ ಹೋಗಿದ್ದಳು. ಗೇಟಿನ ಹೊರಗಿದ್ದ ಕಾವಲಿನವನು, ಬಾಯಿಯವರು ಬರಲಿ, ಬಾಯಿಯವರು ಬರಲಿ ಎನ್ನುತ್ತಿದ್ದ. ಹುಡುಗಿಯ ಮೈ ತಣ್ಣಗಾಗುತ್ತಿತ್ತು. ಮೂವತ್ತು ಹುಡುಗಿಯರು ಗೇಟಿನ ಒಳಗೆ ನಿಂತು ಬೀಗವನ್ನೇ ನೋಡುತ್ತಿದ್ದರು.

"ನಾ ಒಡದೆ," ಎಂದಳು.

ಅಷ್ಟು ಹೊತ್ತು ಬಾಯಿ ತೆರೆದು ಕೂತಿದ್ದ ಗುರವ್ವ ಮುಂದೆ ಸರಿದಳು. "ಯಾತರ್ಲೆ ಒಡದಿ?"

"ಅಡಗಿಮನ್ಯಾಗ ಚಟ್ನಿ ಅರಿಯೂ ಗುಂಡಕಲ್ಲ ಇತ್ರಿ. ಅದನ್ನ ಎತಗೊಂಡು ಬಂದೆ."

"ಒಂದ ಏಟಿಗೆ ಒಡೀತೇನ?"

"ಎಲ್ಲಿ ಒಡೀತೈತ್ರಿ. ಹೊಡದು ಹೊಡದು ಕೈಗೆ ಬೊಬ್ಬಿ ಎದ್ವು. ಕಡೀಕ ಬೀಗ ಒಡೀಲಿಲ್ಲ, ಗೇಟಿನ ಕೊಂಡಿ ಮುರೀತು."

"ಹೂಂ. ಕೊಂಡಿ ಮುರೀತೈತಿ," ಎಂದು ಗುರವ್ವ ತಲೆಯಾಡಿಸಿದಳು.

"ಆ ಹುಡುಗಿ ಉಳೀತೇನವ್ವಾ?" ಎಂದಳು ಕೆಂಚವ್ವ.

"ಉಳೀತು. ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ದೆ. ಇನ್ನ ಸ್ವಲ್ಪ ತಡಾ ಆಗಿದ್ರ ಹೊಟ್ಟ್ಯಾಗ ಅಪೆಂಡಿಕ್ಸ್ ಒಡೀತಿತ್ತು ಅಂದ್ರು ಡಾಕ್ಟರು. ಈಗ ಎರಡು ಮಕ್ಕಳ ತಾಯಿ, ಗದಗಿನಾಗ ಅದಾಳಂತ."

ಆಮೇಲಿನದನ್ನು ಹೇಳುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ. ಹುಡುಗಿಯರು ತಿರುಗಾಡಲು ಹೋಗಬೇಕೆಂದು ಗೇಟು ಮುರಿದರು ಎಂದು ವಾರ್ಡನ್ ಟ್ರಸ್ಟಿನವರಿಗೆ ಹೇಳಿದಳು. ಯಾರು ಮುರಿದವರು ಎಂದು ಕೇಳಿದರು. ದಾನೇಶ್ವರಿ ಮುಂದೆ ಬಂದಳು. ವಾರ್ಡನ್ ಕಾಲು ಮುಟ್ಟಿ ತಪ್ಪಾಯಿತು ಅನ್ನು, ಬಿಟ್ಟುಬಿಡುತ್ತೇವೆ ಎಂದರು. ಅವಳು ಅನ್ನಲಿಲ್ಲ. ಹಾಸ್ಟೆಲು ಬಿಡಿಸಿದರು. ವರ್ಷದ ನಡುವೆ ಬೇರೆಲ್ಲೂ ಜಾಗ ಸಿಗಲಿಲ್ಲ. ಅಪ್ಪ ಬಂದು, ಒಂದು ಮಾತೂ ಬೈಯದೆ, ಟ್ರಂಕು ಹೊತ್ತುಕೊಂಡು ಮುಂದೆ ಮುಂದೆ ನಡೆದ.

"ಅಂದ್ರ ನಿನ್ನ ಹೊರಗ ಹಾಕಿದ್ರು," ಎಂದಳು ಗುರವ್ವ.

"ಹೌದ್ರಿ."

"ಅವಾಗ ಗೊತ್ತಿದ್ರ ನಾ ನಿನ್ನ ಸೊಸಿ ಮಾಡ್ಕೋತಿದ್ದಿಲ್ಲ."

ಗುರವ್ವ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದಾನೇಶ್ವರಿಯ ಎದೆಗೆ ಅದು ನೇರವಾಗಿ ತಾಗಿತು. ಹೆಣ್ಣುಮಕ್ಕಳು ಒಬ್ಬೊಬ್ಬರೇ ಎದ್ದು, "ಹಾಲ ಕಾಯಿಸೂದೈತಿ, ಬರ್ತೀವ್ರಿ," ಎನ್ನುತ್ತ ಹೋದರು. ಬಾಗಿಲ ಹತ್ತಿರ ಗೌರೀಶ ಹಾಗೆಯೇ ನಿಂತಿದ್ದ.

"ಇಷ್ಟ ವರ್ಷ ನನಗೂ ಹೇಳಲಿಲ್ಲಲ್ಲ," ಎಂದ.

"ನೀವೂ ಕೇಳಲಿಲ್ರಿ."

"ಮೊನ್ನೆ ಕೇಳಿದ್ದೆ."

ಗೌರೀಶ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನೀಲಾ ಮೂಲೆಯಿಂದ ಎದ್ದು ಬಂದು ತಾಯಿಯ ಅಂಗೈ ತಿರುವಿ ನೋಡಿದಳು. ಅಲ್ಲಿ ಯಾವ ಗುರುತೂ ಉಳಿದಿರಲಿಲ್ಲ.

ಶನಿವಾರ ಗುರವ್ವ ಸೊಸೆಯ ಜೊತೆ ಮಾತಾಡಲಿಲ್ಲ. ಬೆಳಗಿನ ಚಹ ತಾನೇ ಮಾಡಿಕೊಂಡಳು. ನೀಲಾ ಕಾಲೇಜಿನ ಮಾತು ಎತ್ತಿದರೆ ತಾಯಿ ಕಣ್ಣಿನಿಂದ ತಡೆದಳು. ಗ್ರಂಥಾಲಯದಲ್ಲಿ ದಾನೇಶ್ವರಿ ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಧೂಳು ಹೊಡೆದು, ಮತ್ತೆ ಜೋಡಿಸಿದಳು. ಹೇಳಿದ್ದು ತಪ್ಪಾಯಿತೋ ಸರಿಯಾಯಿತೋ, ಮಗಳ ದಾರಿಗೆ ತಾನೇ ಕಲ್ಲು ಹಾಕಿದೆನೋ ಎಂದು ಮನಸ್ಸು ಒಂದೆಡೆ ನಿಲ್ಲಲೊಲ್ಲದು. ಭಾನುವಾರ ಸಂಜೆ ಗುರವ್ವ ಪೆಟ್ಟಿಗೆಯಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ಗಳದ ಮೇಲೆ ಹಾಕಿದಳು.

"ಎಲ್ಲಿಗೆ ಹೊಂಟಿಬೇ?" ಎಂದು ಗೌರೀಶ ಕೇಳಿದ.

"ಧಾರವಾಡಕ್ಕ. ನಾ ನೋಡ್ತೀನಿ ಅದೆಂಥಾ ಹಾಸ್ಟೆಲ್ಲ ಅಂತ. ನೋಡಿ ಆಮ್ಯಾಲ ಹೇಳ್ತೀನಿ ಹುಡುಗಿ ಇರೂದೊ ಬ್ಯಾಡೊ."

ಸೋಮವಾರ ನಸುಕಿನ ಬಸ್ಸಿಗೆ ಅಜ್ಜಿ, ತಾಯಿ, ಮಗಳು ಮೂವರೂ ಹೊರಟರು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಧಾರವಾಡದಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಹಾಸ್ಟೆಲು ಹೊಸದು, ಬಣ್ಣ ಬಳಿದ ಮೂರು ಮಹಡಿ. ವಾರ್ಡನ್ ಕನ್ನಡಕ ಹಾಕಿದ ಚಿಕ್ಕ ವಯಸ್ಸಿನ ಹೆಂಗಸು. ಗುರವ್ವ ಅವಳೆದುರು ಕುರ್ಚಿಯಲ್ಲಿ ಕೂಡಲಿಲ್ಲ.

"ಗೇಟಿಗೆ ಬೀಗ ಹಾಕ್ತೀರೇನ್ರಿ?" ಎಂದು ಕೇಳಿದಳು.

"ಹೌದ್ರೀ ಅಮ್ಮಾ, ಸಂಜಿಗೆ ಏಳು ಗಂಟೆಗೆ. ಸೇಫ್ಟಿ ನೋಡ್ರಿ."

"ಕೀಲಿಕೈ ಯಾರ ಹಂತ್ಯಾಕ ಇರ್ತೈತಿ?"

ವಾರ್ಡನ್ ದಾನೇಶ್ವರಿಯ ಕಡೆ ನೋಡಿದಳು. ದಾನೇಶ್ವರಿ ನೆಲ ನೋಡುತ್ತಿದ್ದಳು.

"ನನ್ನ ಹತ್ರ ಒಂದು, ಒಳಗ ಮಲಗೂ ಆಯಾ ಹತ್ರ ಒಂದು."

"ಹುಡುಗಿಗೆ ಹೊಟ್ಟಿ ನೋಯ್ತು, ನೀವ ಊರಾಗಿಲ್ಲ. ಯಾರ ಗಾಡಿ ಮಾಡಿ ದವಾಖಾನಿಗೆ ಒಯ್ತಾರ?"

"ಆಯಾ ಒಯ್ತಾಳ್ರಿ."

"ಕರೀರಿ ಆಕೀನ್ನ. ಆಕೀ ಬಾಯಾಗ ಕೇಳ್ತೀನಿ."

ಆಯಾ ಬಂದಳು. ಮಿಶ್ರಿಕೋಟಿ ಕಡೆಯವಳು, ಗಟ್ಟಿ ಹೆಂಗಸು. ಹೋದ ವರ್ಷ ಒಬ್ಬ ಹುಡುಗಿಗೆ ಜ್ವರ ಏರಿದಾಗ ತಾನೇ ಎತ್ತಿಕೊಂಡು ಹೋದದ್ದನ್ನು ಹೇಳಿದಳು. ಗುರವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಡುಗೆಮನೆ ತೋರಿಸು ಎಂದಳು. ಬಚ್ಚಲು ನೋಡಿದಳು. ಕೋಣೆಗೆ ಹೋಗಿ ಕಿಟಕಿಯ ಚಿಲಕ ಹಾಕಿ ತೆಗೆದು ಪರೀಕ್ಷಿಸಿದಳು. ಕಡೆಗೆ ಮೊಮ್ಮಗಳ ಕಡೆ ತಿರುಗಿ, "ಇರ. ಆದ್ರ ಯಾರರ ತಪ್ಪ ಮಾಡಲಾರದ ತಪ್ಪ ಒಪ್ಪಿಕೊ ಅಂದ್ರ ಮೊದಲ ನನಗ ಫೋನ್ ಹಚ್ಚು. ನಿಮ್ಮವ್ವನಂಗ ಒಬ್ಬಾಕೀನ ನಿಂದ್ರಬ್ಯಾಡ," ಎಂದಳು.

ದಾನೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡಳು, ಮಳೆಯ ಹನಿ ಒರೆಸಿಕೊಂಡವಳ ಹಾಗೆ.

ನೀಲಾ ಕಾಲೇಜಿನಲ್ಲಿ ಸೇರುವ ಕೆಲಸ ಮುಗಿಯುವ ಹೊತ್ತಿಗೆ ಗುರವ್ವನಿಗೆ ಕಾಲು ನೋವು ಬಂತು. "ನೀ ಬೇಕಾದ್ರ ನಿಮ್ಮ ಸಾಲಿ ನೋಡ್ಕೊಂಡ ಬಾ ಹೋಗು, ನಾವಿಲ್ಲೇ ಚಹಾ ಕುಡೀತೀವಿ," ಎಂದು ಅವಳೇ ಕಳಿಸಿದಳು. ದಾನೇಶ್ವರಿ ಆಟೋ ಮಾಡಿ ವಿಶ್ವವಿದ್ಯಾಲಯದ ಗುಡ್ಡಕ್ಕೆ ಹೋದಳು. ತನ್ನ ವಿಭಾಗದ ಕಾರಿಡಾರಿನಲ್ಲಿ ನಿಂತಳು. ಒಳಗೆ ಪಾಠ ನಡೆದಿತ್ತು. ಯಾರೋ ಹುಡುಗಿ ಪ್ರಶ್ನೆ ಕೇಳುತ್ತಿದ್ದಳು, ಉತ್ತರದಿಂದ ಸಮಾಧಾನವಾಗದೆ ಮತ್ತೆ ಕೇಳುತ್ತಿದ್ದಳು. ದಾನೇಶ್ವರಿಗೆ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂಡಬೇಕೆನಿಸಿತು. ಕಾಲು ಒಂದು ಹೆಜ್ಜೆ ಮುಂದೆಯೂ ಹೋಯಿತು. ತಡವಾಗಿ ಓಡಿಬಂದ ಒಬ್ಬ ಹುಡುಗಿ, "ಯಾರ ಬೇಕಾಗಿತ್ರಿ ಮೇಡಂ?" ಎಂದಳು. "ಯಾರೂ ಇಲ್ಲವ್ವಾ," ಎಂದು ದಾನೇಶ್ವರಿ ಹಿಂದಿರುಗಿದಳು.

ಮಗಳನ್ನು ಬಿಟ್ಟು ಅತ್ತೆ ಸೊಸೆ ಕುಬಿಹಾಳ ಮುಟ್ಟಿದಾಗ ದನಗಳು ಮನೆಗೆ ಬರುತ್ತಿದ್ದವು. ಏಳೂವರೆಗೆ ಗುರವ್ವ ಟಿವಿ ಹಚ್ಚಿದಳು. ಕೆಂಚವ್ವ ಮತ್ತೆ ಬಂದಿದ್ದಳು. ಮಾನಸಾ ಗಂಗಾಳ ಫೋಟೋಕ್ಕೆ ಹಾರ ಹಾಕುತ್ತಿದ್ದಳು. "ಬೀಗ ಒಡದಾಕಿ ನಮ್ಮನ್ಯಾಗ ಅದಾಳ, ಇಕಿ ನೋಡ ಹೆಂಗ ಮೆರೀತಾಳ," ಎಂದು ಗುರವ್ವ ಟಿವಿಯನ್ನು ಬೈಯುತ್ತಲೇ ಕಣ್ಣು ಕೀಳದೆ ನೋಡುತ್ತಿದ್ದಳು.

ದಾನೇಶ್ವರಿ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಗೌರೀಶ ಎತ್ತುಗಳಿಗೆ ಮೇವು ಹಾಕಿ ಕೈ ಕೊಡವುತ್ತ ಬಂದ. ಶುಕ್ರವಾರದಿಂದ ಇಬ್ಬರ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತು.

"ಮಗಳ ಚಿಂತಿ ಏನ?" ಎಂದ.

"ಅಲ್ರಿ. ಆಕಿ ಇರ್ತಾಳ."

"ಮತ್ತ ಯಾಕ ಹಿಂಗ ತಿರಗಾಕತ್ತಿ?"

"ನನಗ ಗೊತ್ತಾಗವಲ್ದು. ಇವತ್ತ ನಮ್ಮ ಕ್ಲಾಸಿನ ಮಟಾ ಹೋಗಿ ನಿಂತಿದ್ದೆ. ಅವಾಗಿಂದ ಕುಂತಲ್ಲಿ ಕುಂಡ್ರಾಕ ಆಗವಲ್ದು. ಏನರ ಮಾಡಬೇಕನಸ್ತೈತಿ. ಮತ್ತ ಓದಬೇಕೊ, ಏನ ಮಾಡಬೇಕೊ."

ಗೌರೀಶ ಕಟ್ಟೆಯ ಮೇಲೆ ಕೂತ. ಒಳಗೆ ಜಾಹೀರಾತಿನ ಗದ್ದಲ ಶುರುವಾಗಿತ್ತು.

"ಓದ ಬೇಕಂದ್ರ. ನಾ ಏನ ಬ್ಯಾಡ ಅಂತೀನೇನ," ಎಂದ. ಆಮೇಲೆ, "ಆದ್ರ ಅವತ್ತ ನೀ ಮಂದಿ ಮುಂದ ಹೇಳಿದಿ. ನಾ ಬಾಗಲದಾಗ ನಿಂತು ಕೇಳಿದೆ, ಹೊರಗಿನವನಂಗ. ನನಗ ಅದ ಚುಚ್ಚಾಕತ್ತೈತಿ," ಎಂದ.

ದಾನೇಶ್ವರಿ ಓಡಾಡುವುದನ್ನು ನಿಲ್ಲಿಸಿದಳು. ಬಂದು ಅವನ ಬಾಜೂ ಕೂತಳು. ಕೂತಮೇಲೂ ಕಾಲಿನ ಬೆರಳು ನೆಲದ ಮೇಲೆ ಆಡುತ್ತಲೇ ಇತ್ತು. ಅಣ್ಣಿಗೇರಿಯಿಂದ ಅಪ್ಪನ ಜೊತೆ ಮೊದಲ ಸಲ ಧಾರವಾಡದ ಬಸ್ಸು ಹತ್ತಿದ ದಿನದಿಂದ ಶುರುಮಾಡಿ, ಯಾವುದನ್ನೂ ಬಿಡದೆ ಅವನಿಗೆ ಹೇಳತೊಡಗಿದಳು.